ಎರಡು ಎಂಎಲ್‌ನ ಲೆಕ್ಕ

“ರೊಕ್ಕ ಇಲ್ಲಂತ ನಮಗ ನೀರ ಬೆರಸಿದ ಹಾಲ ಕೊಡಾಕತ್ತಾರೇನ ತಮ್ಮಾ?”

ಹುಬ್ಬಳ್ಳಿಯ ದವಾಖಾನೆಯೊಂದರ ಬೆಂಚಿನ ಮೇಲೆ ಕೂತು ನಮ್ಮ ಕಾಕಾ ಹೀಗೆ ಕೇಳಿದ. ಮಾತಾಡುವುದೂ ಅವನಿಗೆ ಕಷ್ಟವೇ ಇತ್ತು. ಬಾಯಿ ಎರಡು ಬೆರಳಿನಷ್ಟೂ ತೆರೆಯುತ್ತಿರಲಿಲ್ಲ. ನವಲಗುಂದದ ಎರೆ ಹೊಲದಲ್ಲಿ ಮೂವತ್ತು ವರ್ಷ ದುಡಿಯುತ್ತ, ಅಂಗೈಯಲ್ಲಿ ತಂಬಾಕು ಸುಣ್ಣ ತಿಕ್ಕಿ ಎಡದವಡೆಯ ಸಂದಿಯಲ್ಲಿ ಇಟ್ಟುಕೊಂಡವನು. ಗಡ್ಡೆ ಎದ್ದದ್ದೂ ಅಲ್ಲೇ. ಆಪರೇಶನ್ ಆಯಿತು, ನಮ್ಮ ಮಂದಿ ‘ಕರೆಂಟು’ ಅನ್ನುವ ರೇಡಿಯೇಶನ್ ಆಯಿತು, ವರ್ಷದೊಳಗೆ ಗಡ್ಡೆ ಮರಳಿ ಬಂತು. ಈಗ ಡಾಕ್ಟರು ಮೂರು ಥರದ ಗುಳಿಗೆಗಳ ಜೊತೆ ನಿವೊಲುಮ್ಯಾಬ್ ಎಂಬ ಇಂಜೆಕ್ಷನ್ ಬರೆದಿದ್ದರು, 20 ಮಿಲಿಗ್ರಾಂ, ಮೂರು ವಾರಕ್ಕೊಮ್ಮೆ. ಪಕ್ಕದ ಹಾಸಿಗೆಯವರ ಮಗ ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದವನು. ಅವನು ಮೊಬೈಲಿನಲ್ಲಿ ಹುಡುಕಿ, ಇದರ ಡೋಸು 240 ಮಿಲಿಗ್ರಾಂ, ಅದೂ ಎರಡು ವಾರಕ್ಕೊಮ್ಮೆ, ಎಂದು ಹೇಳಿ ಹೋಗಿದ್ದ. ಕಾಕಾನ ತಲೆಯಲ್ಲಿ ಎಮ್ಮೆ ಹಾಲಿನ ಲೆಕ್ಕ ಶುರುವಾದದ್ದು ಅಲ್ಲಿಂದ.

ನಾನು ವೈದ್ಯನಲ್ಲ. ಧಾರವಾಡದಲ್ಲಿ ಪಿಯು ಮಕ್ಕಳಿಗೆ ರಸಾಯನಶಾಸ್ತ್ರ ಕಲಿಸುವವನು. ಆದರೆ ಅವತ್ತು ಆ ಬೆಂಚಿನ ಮೇಲೆ ನನಗೆ ಒಳಗೊಳಗೇ ಖುಷಿಯಾಯಿತು, ಹೇಳಿಕೊಳ್ಳಲು ಸಂಕೋಚ. ಕಳೆದ ಕೆಲವು ವರ್ಷಗಳ ಕ್ಯಾನ್ಸರ್ ಸಂಶೋಧನೆಯಲ್ಲಿ ನನಗೆ ಎಲ್ಲಕ್ಕಿಂತ ಚಂದ ಕಂಡ ವಿಚಾರ ಆ ಚೀಟಿಯ ಮೇಲೆ ಇತ್ತು.

ಡೋಸು ಎಂದರೆ ಜಾಸ್ತಿ ಇದ್ದಷ್ಟೂ ಒಳ್ಳೆಯದು ಎಂಬ ನಂಬಿಕೆ ಕಾಕಾನದಷ್ಟೇ ಅಲ್ಲ, ದಶಕಗಳ ಕಾಲ ಕ್ಯಾನ್ಸರ್ ವೈದ್ಯರದೂ ಅದೇ. ಅದಕ್ಕೆ ಕಾರಣವೂ ಇದೆ. ಕಿಮೋಥೆರಪಿ ಹುಟ್ಟಿದ್ದು ಯುದ್ಧದ ವಿಷದಿಂದ. 1942ರಲ್ಲಿ ಅಮೆರಿಕದ ಯೇಲ್‌ನಲ್ಲಿ ಮಸ್ಟರ್ಡ್ ಗ್ಯಾಸಿನ ಸೋದರ ರಾಸಾಯನಿಕವನ್ನು ಲಿಂಫೋಮಾ ಎಂಬ ದುಗ್ಧಗ್ರಂಥಿಗಳ ಕ್ಯಾನ್ಸರಿನ ರೋಗಿಯ ರಕ್ತನಾಳಕ್ಕೆ ಕೊಟ್ಟರು, ಗಡ್ಡೆಗಳು ಕರಗಿದವು, ಕೆಲ ವಾರಕ್ಕೆ ಮರಳಿದವು. ಅಂದಿನಿಂದ ಹೊಸ ಔಷಧಿ ಬಂದಾಗೆಲ್ಲ ಮೊದಲ ಪ್ರಶ್ನೆ ಒಂದೇ: ಮನುಷ್ಯ ಎಷ್ಟರವರೆಗೆ ತಾಳಿಕೊಳ್ಳುತ್ತಾನೆ? ತಾಳಲಾರದ ಗೆರೆಯವರೆಗೆ ಏರಿಸುತ್ತ ಹೋಗು, ಒಂದು ಮೆಟ್ಟಿಲು ಕೆಳಗೆ ಬಂದು ನಿಲ್ಲು, ಅದೇ ಡೋಸು. ಹತ್ತಿ ಹೊಲಕ್ಕೆ ಕಳೆನಾಶಕ ಹೊಡೆದಂತೆ. ಹೆಚ್ಚು ಹೊಡೆದಷ್ಟೂ ಕಳೆ ಸಾಯುತ್ತದೆ, ಆದರೆ ಹತ್ತಿಯ ಎಲೆಯೂ ಹಳದಿಯಾಗುತ್ತದೆ. ವಿಷಕ್ಕೆ ಈ ತರ್ಕ ಸರಿ.

ನಿವೊಲುಮ್ಯಾಬ್ ವಿಷವಲ್ಲ. ಅದು ಕ್ಯಾನ್ಸರ್ ಕೋಶವನ್ನು ಮುಟ್ಟುವುದೂ ಇಲ್ಲ.

ಹಾವೇರಿ ಕಡೆಯವರಿಗೆ ಹೋರಿ ಹಬ್ಬ ಹೇಳಿಕೊಡಬೇಕಾಗಿಲ್ಲ. ದೀಪಾವಳಿ ಮುಗಿದ ಮೇಲೆ ಕೊಬ್ಬರಿ ಹಾರ ಕಟ್ಟಿಕೊಂಡು ಓಡುವ ಆ ಹೋರಿಯನ್ನು ನಮ್ಮ ರಕ್ತದ ಟಿ ಜೀವಕೋಶ ಅಂದುಕೊಳ್ಳಿ. ಸೋಂಕು ತಗಲಿದ ಕೋಶ, ಕೆಟ್ಟ ಕೋಶ ಕಂಡರೆ ಹಾಯುವುದು ಅದರ ಕೆಲಸ. ಹಾಯುವ ಹೋರಿಗೆ ಮೂಗುದಾರ ಬೇಕೇ ಬೇಕು, ಇಲ್ಲವಾದರೆ ಅದು ಮನೆಯ ಹಿತ್ತಿಲನ್ನೂ ಹಾಳುಮಾಡುತ್ತದೆ. ಟಿ ಕೋಶದ ಮೂಗುದಾರಗಳಲ್ಲಿ ಒಂದರ ಹೆಸರು ಪಿಡಿ-1. 1992ರಲ್ಲಿ ಜಪಾನಿನ ಕ್ಯೋಟೊದಲ್ಲಿ ತಾಸುಕು ಹೋಂಜೊ ಅವರ ತಂಡ ಅದನ್ನು ಕಂಡುಹಿಡಿದಾಗ ಅದು ಮೂಗುದಾರವೆಂದು ಅವರಿಗೇ ಗೊತ್ತಿರಲಿಲ್ಲ, ಕೋಶ ಸಾಯುವುದಕ್ಕೆ ಸಂಬಂಧಿಸಿದ್ದು ಎಂದುಕೊಂಡು ‘ಪ್ರೋಗ್ರಾಮ್ಡ್ ಡೆತ್’, ಅಂದರೆ ಪಿಡಿ, ಎಂಬ ಹೆಸರಿಟ್ಟಿದ್ದರು. ಆಮೇಲೆ ಪಿಡಿ-1 ಇಲ್ಲದ ಇಲಿಗಳನ್ನು ಬೆಳೆಸಿ ನೋಡಿದರೆ, ಅವುಗಳ ರೋಗನಿರೋಧಕ ವ್ಯವಸ್ಥೆ ತಮ್ಮದೇ ದೇಹದ ಮೇಲೆ ತಿರುಗಿಬಿದ್ದಿತ್ತು. ಆಗ ತಿಳಿಯಿತು, ಇದು ಎಳೆದು ಹಿಡಿಯುವ ಹಗ್ಗ.

ಕ್ಯಾನ್ಸರ್ ಕೋಶ ಕಳ್ಳ, ಅದಕ್ಕೆ ಈ ಹಗ್ಗ ಹಿಡಿಯುವ ಕೈಚಳಕ ಗೊತ್ತು. ತನ್ನ ಮೈಮೇಲೆ ಪಿಡಿ-ಎಲ್1 ಎಂಬ ಕೈ ಬೆಳೆಸಿಕೊಂಡು, ಹಾಯಲು ಬಂದ ಹೋರಿಯ ಮೂಗುದಾರ ಜಗ್ಗುತ್ತದೆ. ಹೋರಿ ತಲೆ ತಗ್ಗಿಸಿ ನಿಲ್ಲುತ್ತದೆ. ನಿವೊಲುಮ್ಯಾಬ್ ಮಾಡುವುದಿಷ್ಟೇ: ಮೂಗುದಾರಕ್ಕೆ ಒಂದು ಒರೆ ಹಾಕಿ ಕಳ್ಳನ ಕೈಗೆ ಸಿಗದಂತೆ ಮಾಡುವುದು. ಹಾಯುವುದು ಹೋರಿಯೇ. ಈ ತಿಳಿವಳಿಕೆಗೆ ಹೋಂಜೊ ಅವರಿಗೂ, ಇನ್ನೊಂದು ಮೂಗುದಾರದ ಮೇಲೆ ಕೆಲಸ ಮಾಡಿದ ಜೇಮ್ಸ್ ಆಲಿಸನ್ ಅವರಿಗೂ 2018ರಲ್ಲಿ ನೊಬೆಲ್ ಬಂತು.

ಈಗ ಹೇಳಿ, ಒರೆಗಳು ಎಷ್ಟು ಬೇಕು? ಮೂಗುದಾರಗಳು ಎಷ್ಟಿವೆಯೋ ಅಷ್ಟು. ಇದು ನನ್ನ ಪ್ರೀತಿಯ ಜಾಗ, ಸ್ವಲ್ಪ ತಡೆದುಕೊಳ್ಳಿ. ಚಿಗರಿ ಬಸ್ಸು ಧಾರವಾಡ ಬಿಟ್ಟಿತು ಅನ್ನಿ. ಸೀಟು ತುಂಬುವವರೆಗೆ ಹತ್ತಿದವರೆಲ್ಲ ಕೂತರು. ಆಮೇಲೆ ಹತ್ತಿದವರು ನವನಗರದವರೆಗೆ ನಿಂತೇ ಬಂದರು. ನಿಂತವರು ನೂರಾದರೂ ಕೂತವರ ಸಂಖ್ಯೆ ಒಂದೂ ಹೆಚ್ಚಲಿಲ್ಲ. ಔಷಧಿಯ ಅಣುಗಳದೂ ಹಾಗೇ. ಸೀಟು ಹಿಡಿದದ್ದು ಕೆಲಸ ಮಾಡುತ್ತದೆ, ಉಳಿದದ್ದು ರಕ್ತದಲ್ಲಿ ತಿರುಗುತ್ತ ಕಾಲ ಕಳೆಯುತ್ತದೆ. ಇನ್ನೂ ಬೇಕಾದರೆ ಬೀಗದ ಉಪಮೆ ತೊಗೊಳ್ಳಿ: ಬೀಗದ ಕಣ್ಣು ಮುಚ್ಚಲು ಗುಲಗಂಜಿಯಷ್ಟು ಮೇಣ ಸಾಕು, ಒಂದು ಸೇರು ಮೇಣ ತಂದು ಬಾಗಿಲಿಗೆಲ್ಲ ಮೆತ್ತಿದರೆ ಬೀಗವೇನು ಹೆಚ್ಚು ಮುಚ್ಚಿಕೊಳ್ಳುವುದಿಲ್ಲ.

ಇದು ಬರೀ ಉಪಮೆಯ ಆಟವಲ್ಲ. 2010ರಲ್ಲೇ ಪ್ರಕಟವಾದ, ಈ ಔಷಧಿಯ ಮೊದಲ ಹಂತದ ಪರೀಕ್ಷೆಯಲ್ಲಿ, ದೇಹದ ತೂಕದ ಕಿಲೋಗೆ 0.3 ಮಿಲಿಗ್ರಾಂನಿಂದ 10 ಮಿಲಿಗ್ರಾಂವರೆಗೆ ಕೊಟ್ಟು ಟಿ ಕೋಶಗಳನ್ನು ತೆಗೆದು ಎಣಿಸಿದ್ದರು. ಡೋಸು ಯಾವುದೇ ಇರಲಿ, ಎರಡು ತಿಂಗಳಾದರೂ ಶೇಕಡಾ 70ಕ್ಕಿಂತ ಹೆಚ್ಚು ಪಿಡಿ-1 ಸೀಟುಗಳು ಭರ್ತಿಯಾಗಿಯೇ ಇದ್ದವು. ನಮ್ಮ ಕಾಕಾ ಅವತ್ತು ತಕ್ಕಡಿಯಲ್ಲಿ 52 ಕಿಲೋ ಇದ್ದ. ಇಪ್ಪತ್ತನ್ನು ಐವತ್ತೆರಡರಿಂದ ಭಾಗಿಸಿ, 0.38 ಬರುತ್ತದೆ. ಅಂದರೆ ಡಾಕ್ಟರು ಆ 20ನ್ನು ಸುಮ್ಮನೆ ಕನಿಕರಕ್ಕೆ ಬರೆದಿರಲಿಲ್ಲ.

ಹಾಗಾದರೆ 240 ಯಾಕೆ ಉಳಿಯಿತು? ವಿಷದ ಕಾಲದ ಅಭ್ಯಾಸ ಒಂದು. ಹೆಚ್ಚು ಕೊಟ್ಟರೂ ರೋಗಿಗೆ ಹೆಚ್ಚು ತ್ರಾಸು ಆಗದಿದ್ದಾಗ ಇಳಿಸಿ ನೋಡುವ ಅವಸರ ಯಾರಿಗೂ ಇರಲಿಲ್ಲ. ಮಿಲಿಗ್ರಾಂ ಲೆಕ್ಕದಲ್ಲಿ ಮಾರುವವನಿಗಂತೂ ಇರುವ ಕಾರಣವಿಲ್ಲ.

ಇಳಿಸಿ ನೋಡುವ ಧೈರ್ಯ ಬಂದದ್ದು ದುಡ್ಡಿಲ್ಲದ ಕಡೆಯಿಂದ. ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯ ವಿಜಯ್ ಪಾಟೀಲ್, ಕುಮಾರ್ ಪ್ರಭಾಶ್ ಮತ್ತು ಸಂಗಡಿಗರು ತಲೆ-ಕುತ್ತಿಗೆಯ ಕ್ಯಾನ್ಸರ್ ಮುಂದುವರಿದ ಅಥವಾ ಮರಳಿ ಬಂದ 151 ಜನರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಒಂದಕ್ಕೆ ಅಗ್ಗದ ಮೂರು ಗುಳಿಗೆ ಮಾತ್ರ: ಮೆಥೊಟ್ರೆಕ್ಸೇಟ್, ಮೊಣಕಾಲು ನೋವಿಗೆ ಕೊಡುವ ಸೆಲೆಕಾಕ್ಸಿಬ್, ಮತ್ತು ಎರ್ಲೊಟಿನಿಬ್. ಇನ್ನೊಂದಕ್ಕೆ ಅವೇ ಗುಳಿಗೆಗಳ ಜೊತೆ ಮೂರು ವಾರಕ್ಕೊಮ್ಮೆ 20 ಮಿಲಿಗ್ರಾಂ ನಿವೊಲುಮ್ಯಾಬ್. 2022ರ ಕೊನೆಗೆ ಫಲಿತಾಂಶ ಬಂತು. ಗುಳಿಗೆ ಮಾತ್ರ ತೊಗೊಂಡವರಲ್ಲಿ ಒಂದು ವರ್ಷದ ನಂತರ ಬದುಕುಳಿದವರು ಶೇಕಡಾ 16.3, ಇಂಜೆಕ್ಷನ್ನೂ ಸಿಕ್ಕವರಲ್ಲಿ ಶೇಕಡಾ 43.4. ತೀವ್ರ ಅಡ್ಡಪರಿಣಾಮಗಳು ಎರಡೂ ಗುಂಪಿನಲ್ಲಿ ಹೆಚ್ಚು ಕಡಿಮೆ ಒಂದೇ.

ಇಲ್ಲಿ ನನ್ನ ಉತ್ಸಾಹಕ್ಕೂ ಮೂಗುದಾರ ಬೇಕು. ಶೇಕಡಾ 43 ಎಂದರೆ ಅರ್ಧಕ್ಕಿಂತ ಹೆಚ್ಚು ಜನ ಆ ವರ್ಷ ದಾಟಲಿಲ್ಲ ಎಂದೂ ಅರ್ಥ. ಬದುಕಿದ ಕಾಲದ ಮಧ್ಯಾಂಕ, ಅಂದರೆ ಅರ್ಧ ಜನ ದಾಟಿದ ಅವಧಿ, 6.7 ತಿಂಗಳಿಂದ 10.1 ತಿಂಗಳಿಗೆ ಏರಿತು, ಅಷ್ಟೇ. ಇದನ್ನು ಗುಣವಾಗುವುದು ಅನ್ನಲು ಬರುವುದಿಲ್ಲ. ಇನ್ನೂ ಒಂದು: ಈ ಪರೀಕ್ಷೆ 20 ಮಿಲಿಗ್ರಾಂ ಅನ್ನು 240ರ ಎದುರು ನಿಲ್ಲಿಸಲಿಲ್ಲ, ಇಂಜೆಕ್ಷನ್ನೇ ಕೊಡದಿರುವುದರ ಎದುರು ನಿಲ್ಲಿಸಿತು. ಎರಡೂ ಡೋಸು ಸಮ ಎಂದು ಇದರಿಂದ ಸಾಬೀತಾಗುವುದಿಲ್ಲ. ರಕ್ತದಲ್ಲಿ ಸೀಟು ತುಂಬಿದ ಮಾತ್ರಕ್ಕೆ ಗಡ್ಡೆಯ ಒಳಗೂ ತುಂಬಿದೆ ಎನ್ನಲೂ ಬಾರದು. ಆದರೆ ಕಾಕಾನಂಥವರ ಮುಂದಿದ್ದ ಆಯ್ಕೆ ಇಪ್ಪತ್ತೋ ಇನ್ನೂರ ನಲವತ್ತೋ ಎಂಬುದಾಗಿರಲಿಲ್ಲ. ಇಪ್ಪತ್ತು, ಇಲ್ಲವೇ ಸೊನ್ನೆ.

ಆ ಮೂರು ಗುಳಿಗೆಗಳಲ್ಲಿ ಮೆಥೊಟ್ರೆಕ್ಸೇಟಿನ ಕಥೆ ಹೇಳದೆ ಮುಂದೆ ಹೋಗಲು ನನಗಾಗದು. 1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಮುಂಬೈಗೆ ಬಂದರು. ಬಟ್ಟೆ ಗಿರಣಿಗಳ ಬಸುರಿ ಹೆಂಗಸರು ರಕ್ತಹೀನತೆಯಿಂದ ಯಾಕೆ ಸಾಯುತ್ತಾರೆ ಎಂದು ಹುಡುಕುತ್ತ, ಯೀಸ್ಟಿನ ಸಾರ ತಿನ್ನಿಸಿದರೆ ಸುಧಾರಿಸುತ್ತಾರೆ ಎಂದು 1931ರಲ್ಲಿ ಬರೆದರು. ಅದರಲ್ಲಿದ್ದ ಅಂಶವೇ ಮುಂದೆ ಫೋಲಿಕ್ ಆಮ್ಲ ಎನಿಸಿಕೊಂಡಿತು. ಇವತ್ತು ಆಶಾ ಕಾರ್ಯಕರ್ತೆ ಬಸುರಿಯರಿಗೆ ಕೊಡುವ ಗುಳಿಗೆಯಲ್ಲಿ ಇರುವುದು ಅದೇ. ಬಾಸ್ಟನ್ನಿನ ಸಿಡ್ನಿ ಫಾರ್ಬರ್, ರಕ್ತ ಹೆಚ್ಚಿಸುವ ಈ ಆಮ್ಲ ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರಿನ ಮಕ್ಕಳಿಗೂ ಒಳ್ಳೆಯದಾದೀತೆಂದು ಕೊಟ್ಟು ನೋಡಿದರು. ರೋಗ ಇನ್ನೂ ಜೋರಾದಂತೆ ಕಂಡಿತು. ಇನ್ನೊಬ್ಬರಾಗಿದ್ದರೆ ಕೈಬಿಡುತ್ತಿದ್ದರು. ಇವರು ಉಲ್ಟಾ ಯೋಚಿಸಿದರು: ಫೋಲಿಕ್ ಆಮ್ಲ ಬೆಂಕಿಗೆ ತುಪ್ಪವಾದರೆ, ಅದರ ನಕಲಿ ಕೊಟ್ಟು ಕೋಶವನ್ನು ಮೋಸಗೊಳಿಸಬಹುದಲ್ಲ? ನಕಲಿ ಸಿದ್ಧವಾದದ್ದು ಅಮೆರಿಕದ ಲೆಡರ್ಲಿ ಪ್ರಯೋಗಶಾಲೆಯಲ್ಲಿ, ಆಂಧ್ರದ ಭೀಮಾವರಂನಲ್ಲಿ ಹುಟ್ಟಿದ ಯೆಲ್ಲಾಪ್ರಗಡ ಸುಬ್ಬರಾವ್ ಅವರ ತಂಡದಲ್ಲಿ. 1948ರಲ್ಲಿ ಫಾರ್ಬರ್ 16 ಮಕ್ಕಳ ವರದಿ ಪ್ರಕಟಿಸಿದರು, 10 ಮಕ್ಕಳಲ್ಲಿ ರೋಗ ತಾತ್ಕಾಲಿಕವಾಗಿ ಹಿಂಜರಿದಿತ್ತು. ಅದೇ ವರ್ಷ ಸುಬ್ಬರಾವ್ ತೀರಿಕೊಂಡರು. ಆ ನಕಲಿಯ ತಮ್ಮನೇ ಮೆಥೊಟ್ರೆಕ್ಸೇಟ್. ಮುಂಬೈ ಗಿರಣಿಯಿಂದ ಹೊರಟ ಎಳೆ ತೊಂಬತ್ತು ವರ್ಷ ಲೋಕ ಸುತ್ತಿ, ಟಾಟಾ ಆಸ್ಪತ್ರೆ ಇರುವ ಮುಂಬೈನ ಪರೇಲಿಗೇ ಬಂದು ಇಳಿಯಿತು.

ಇಂಥ ಸುದ್ದಿಯನ್ನು ವಾಟ್ಸಾಪಿನಲ್ಲಿ ಯಾರೂ ಫಾರ್ವರ್ಡ್ ಮಾಡಲಿಲ್ಲ. ಅದರಲ್ಲಿ ನನಗೆ ಬಂದದ್ದು ಲಕ್ಷ್ಮಣಫಲದ ಎಲೆಯ ಕಷಾಯ, ಸಕ್ಕರೆ ಬಿಟ್ಟರೆ ಗಡ್ಡೆ ಉಪವಾಸ ಸಾಯುತ್ತದೆ ಎಂಬ ವಿಡಿಯೋ, ಗೋಮೂತ್ರದ ಅರ್ಕ. 2024ರ ನವೆಂಬರಿನಲ್ಲಿ ಮಾಜಿ ಕ್ರಿಕೆಟಿಗರೊಬ್ಬರು ಅರಿಸಿನ, ಬೇವು, ಲಿಂಬೆಯಿಂದ ಪತ್ನಿಯ ಕ್ಯಾನ್ಸರ್ ಗುಣವಾಯಿತೆಂದಾಗ, ನಂಬಬೇಡಿ ಎಂದು ಟಾಟಾ ಮೆಮೋರಿಯಲ್‌ನ ಹಿಂದಿನ ಮತ್ತು ಈಗಿನ 262 ತಜ್ಞರು ಸಹಿ ಹಾಕಿ ಹೇಳಿಕೆ ಕೊಡಬೇಕಾಯಿತು. ಅವರ ಪತ್ನಿಗೆ ಆಪರೇಶನ್ನೂ ಕಿಮೋನೂ ಆಗಿತ್ತು, ಆ ಮಾತು ಫಾರ್ವರ್ಡಿನಲ್ಲಿ ಉದುರಿಹೋಗಿತ್ತು. ನಮ್ಮ ಕಾಕಾನೂ ಗಡ್ಡೆ ಮೊದಲು ಕಂಡಾಗ ನಾಲ್ಕು ತಿಂಗಳು ಯಾರೋ ಕೊಟ್ಟ ಬೇರು ಅರೆದು ಹಚ್ಚಿಕೊಂಡಿದ್ದ. ಕಡಲೆಕಾಳಿನಷ್ಟಿದ್ದದ್ದು ಅಡಿಕೆಯಷ್ಟಾದದ್ದು ಆ ನಾಲ್ಕು ತಿಂಗಳಲ್ಲಿ. ಸೊಸೈಟಿಯಲ್ಲಿ ಗೊಬ್ಬರ ಕೊಳ್ಳುವಾಗ ಚೀಲದ ಮೇಲಿನ ಅಂಕಿ ಮೂರು ಸಲ ಓದುವ ಮನುಷ್ಯ ತನ್ನ ಬಾಯಿಗೆ ಹಚ್ಚುವ ಬೇರಿನ ಹೆಸರೂ ಕೇಳಿರಲಿಲ್ಲ. ಈ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

“ಐಐಟಿಯವರು ಏನೋ ಕಂಡುಹಿಡಿದಾರಂತಲ್ಲ, ಅದ ಕೊಡಸರಿ” ಎಂದು ಕಾಕಾನ ಮಗ ಕೇಳಿದ್ದ. ಅದು ಐಐಟಿ ಬಾಂಬೆ ಮತ್ತು ಟಾಟಾದವರ ನೆಕ್ಸ್‌ಕಾರ್19, 2023ರ ಅಕ್ಟೋಬರಿನಲ್ಲಿ ಒಪ್ಪಿಗೆ ಪಡೆದದ್ದು. ರೋಗಿಯ ಟಿ ಕೋಶವನ್ನೇ ಹೊರತೆಗೆದು ಹೊಸ ಕೊಂಬು ಹಚ್ಚಿ ಒಳಗೆ ಬಿಡುವ ವಿದ್ಯೆ. ಅದ್ಭುತವೇ, ಆದರೆ ಕೆಲವು ಬಗೆಯ ರಕ್ತದ ಕ್ಯಾನ್ಸರಿಗೆ. ದವಡೆಯ ಗಡ್ಡೆಗೆ ಅಲ್ಲ.

ಕಡಿಮೆ ಎಷ್ಟು ಸಾಕು ಎಂಬ ಪ್ರಶ್ನೆ ಈಗ ಶ್ರೀಮಂತ ದೇಶಕ್ಕೂ ಹತ್ತಿದೆ. ಅಮೆರಿಕದ ಔಷಧ ನಿಯಂತ್ರಕರು 2021ರಿಂದ ಪ್ರಾಜೆಕ್ಟ್ ಆಪ್ಟಿಮಸ್ ಹೆಸರಿನಲ್ಲಿ, ಗರಿಷ್ಠ ಡೋಸಿನ ಬದಲು ಸರಿಯಾದ ಡೋಸು ಹುಡುಕಿ ತನ್ನಿ ಎಂದು ಕಂಪನಿಗಳಿಗೆ ಹೇಳುತ್ತಿದ್ದಾರೆ. ಪ್ರೊಸ್ಟೇಟ್ ಕ್ಯಾನ್ಸರಿನ ಅಬಿರಟೆರೋನ್ ಗುಳಿಗೆಯದು ಇನ್ನೂ ಮಜಾ. ಖಾಲಿ ಹೊಟ್ಟೆಯಲ್ಲಿ ನಾಲ್ಕು ಗುಳಿಗೆ, ಅಂದರೆ 1000 ಮಿಲಿಗ್ರಾಂ, ಎಂದು ಡಬ್ಬಿಯ ಮೇಲೆ ಬರೆದಿರುತ್ತದೆ. ಅನ್ನ-ರೊಟ್ಟಿಯ ಜೊತೆ ಹೋದರೆ ಅದನ್ನು ಕರುಳು ಬಹಳ ಹೆಚ್ಚು ಹೀರಿಕೊಳ್ಳುತ್ತದೆ. 2018ರಲ್ಲಿ ಪ್ರಕಟವಾದ 72 ಜನರ ಪರೀಕ್ಷೆಯಲ್ಲಿ ನಾಷ್ಟಾದ ಜೊತೆ ಒಂದೇ ಗುಳಿಗೆ ತೊಗೊಂಡವರಲ್ಲೂ, ಈ ರೋಗದ ಏರಿಳಿತ ತೋರಿಸುವ, ರಕ್ತದ ಪಿಎಸ್‌ಎ ಪ್ರಮಾಣ ಅಷ್ಟೇ ಇಳಿಯಿತು. ಹಾಗಂತ ಇದನ್ನು ಓದಿ ಯಾರೂ ತಾವೇ ಗುಳಿಗೆ ಮುರಿಯಬೇಡಿ. ಡೋಸು ಇಳಿಸುವುದೂ ಡಾಕ್ಟರ ಕೆಲಸವೇ.

ಕಾಕಾನಿಗೆ ಇದೆಲ್ಲ ಹೇಳಲಿಲ್ಲ, ಚಿಗರಿ ಬಸ್ಸಿನ ಸೀಟು ಹೇಳಿದೆ. “ನಿಂತ ಮಂದಿಗೂ ಟಿಕೇಟ ರೊಕ್ಕ ತೊಗೋತಾರಲ್ಲೋ” ಅಂದ. ಅದೇ ಅಲ್ಲವೇ ಕಾಕಾ, 240ರ ಬಿಲ್ಲು ಅಂದರೆ.

ಔಷಧಿ ಎಂಎಲ್‌ಗೆ 10 ಮಿಲಿಗ್ರಾಂ ಲೆಕ್ಕದಲ್ಲಿ ಬರುತ್ತದೆ, ಸಣ್ಣ ಬಾಟಲಿ 40 ಮಿಲಿಗ್ರಾಂನದು. ಕಾಕಾನ ಪಾಲು ಎರಡು ಎಂಎಲ್. ಆರು ವಾರಕ್ಕೆ ಅವನಿಗೆ 40, ಪೂರಾ ಡೋಸಿನವನಿಗೆ 720, ಹದಿನೆಂಟರಲ್ಲಿ ಒಂದು ಪಾಲು. ಆದರೆ ಒಮ್ಮೆ ತೆರೆದ ಬಾಟಲಿಯನ್ನು ಮೂರು ವಾರ ಇಟ್ಟುಕೊಳ್ಳುವಂತಿಲ್ಲ, ಉಳಿದ ಎರಡು ಎಂಎಲ್ ಅದೇ ದಿನ ಇನ್ನೊಬ್ಬರಿಗೆ ಹೋಗಬೇಕು. ಇಲ್ಲವಾದರೆ ಇಡೀ ಬಾಟಲಿಯ ರೊಕ್ಕ ಒಬ್ಬನ ತಲೆಯ ಮೇಲೆ. ಆದ್ದರಿಂದ ಸಿಸ್ಟರ್ ಇಬ್ಬಿಬ್ಬರನ್ನು ಜೋಡಿ ಮಾಡಿ ಒಂದೇ ದಿನ ಕರೆಯುತ್ತಾರೆ. ಕಾಕಾನ ಜೋಡಿ ರಾಣೆಬೆನ್ನೂರಿನವರು, ಬೀಜದ ಅಂಗಡಿಯಲ್ಲಿ ಲೆಕ್ಕ ಬರೆಯುವವರು. ಮೂರನೇ ಸಲ ಹೋದಾಗ ಹನ್ನೊಂದು ಹೊಡೆದರೂ ಅವರ ಸುಳಿವಿಲ್ಲ. ಸಿಸ್ಟರ್ ಫ್ರಿಜ್ಜಿನಿಂದ ಬಾಟಲಿ ತೆಗೆಯದೆ ಕಾಯುತ್ತಿದ್ದರು. ಕಾಕಾ ನನ್ನ ಫೋನು ಇಸಿದುಕೊಂಡು ತೆರೆಯದ ಬಾಯಿಂದಲೇ ಕೂಗಿದ: “ಎಲ್ಲಿದ್ದೀರಿ ಪಾಲುದಾರ್ರ?”

“ಬಂಕಾಪುರ ದಾಟೇನ್ರಿ,” ಆ ಕಡೆಯಿಂದ ಅಷ್ಟೇ ತೊದಲು ದನಿ ಬಂತು, “ಬಾಟ್ಲಿ ಒಡೀಬ್ಯಾಡಂತ ಹೇಳ್ರಿ.”