ಎಷ್ಟು ಜನ ಹಿಡಿಸುತ್ತಾರೆ? ಜನಸಂದಣಿ ಮತ್ತು ಅನುಮತಿ ಲೆಕ್ಕದ ಟಿಪ್ಪಣಿ

ಸಾರ್ವಜನಿಕ ಕಾರ್ಯಕ್ರಮದ ಅನುಮತಿ ಅರ್ಜಿಯಲ್ಲಿ ‘ಗರಿಷ್ಠ ಎಷ್ಟು ಜನ’ ಅಂತ ಒಂದು ಖಾನೆ ಇರುತ್ತದೆ. ಕಾರ್ಯಕ್ರಮ ನಡೆಸುವುದನ್ನು ಕಲಿಯುವ ಪಾಠದಲ್ಲಿ ನನ್ನ ಮೂರು ದಿನ ಹೋಗಿದ್ದು ಆ ಒಂದು ಖಾನೆಗೆ. ನಿನ್ನೆ ರಾತ್ರಿ ತಲೆಗೆ ಹತ್ತಿತು. ಮರೆಯುವ ಮೊದಲು ಬರೆದಿಡುತ್ತಿದ್ದೇನೆ.

ಉಳಿದ ಅರ್ಜಿ ಓದಿದರೆ ಅರ್ಥವಾಗುತ್ತದೆ. ಜಾಗದವರ ಒಪ್ಪಿಗೆ, ಪೊಲೀಸ್, ಅಗ್ನಿಶಾಮಕ, ಆಂಬುಲೆನ್ಸ್, ವೇದಿಕೆ ಮತ್ತು ವಿದ್ಯುತ್ ತಪಾಸಣೆ, ವಿಮೆ. ಯಾವ ಕಚೇರಿಗೆ, ಎಷ್ಟು ದಿನ ಮುಂಚೆ ಅನ್ನೋದು ಒಂದೊಂದು ಕಡೆ ಒಂದೊಂದು ಥರ. ಕೇಳುವ ಪ್ರಶ್ನೆಗಳು ಮಾತ್ರ ಹೆಚ್ಚುಕಡಿಮೆ ಎಲ್ಲ ಕಡೆ ಅವೇ.

ಮೊದಲು ‘ಕಾಲ್ತುಳಿತ’ ಅನ್ನೋ ಪದ

ಈ ಪದ ನನ್ನನ್ನು ಬಹಳ ದಾರಿ ತಪ್ಪಿಸಿತು. ಜನ ಹೆದರಿ ಓಡಿದರು, ಬಿದ್ದವರನ್ನು ತುಳಿದರು ಅಂತ ಕಣ್ಣ ಮುಂದೆ ಬರುತ್ತದೆ ಅಲ್ವಾ? ಇಂಥ ದುರಂತಗಳಲ್ಲಿ ಎಷ್ಟೋ ಜನ ಸತ್ತಿರುವುದು ನಿಂತ ನಿಲುವಿನಲ್ಲೇ, ಉಸಿರಾಡಲಾಗದೆ. ಸುತ್ತಲಿಂದ ಒತ್ತಡ ಬಿದ್ದಾಗ ಎದೆ ಹಿಗ್ಗುವುದಿಲ್ಲ. ಓಡಲು ಜಾಗವೇ ಇರುವುದಿಲ್ಲ. ಹಿಂದೆ ಇರುವವರಿಗೆ ಮುಂದೆ ಏನಾಗುತ್ತಿದೆ ಅಂತ ಕಾಣುವುದೂ ಇಲ್ಲ, ಅವರು ಸುಮ್ನೆ ಒಂದು ಹೆಜ್ಜೆ ಮುಂದಿಡುತ್ತಾರೆ.

ಅಮೆರಿಕದ ಎಂಜಿನಿಯರ್ ಜಾನ್ ಫ್ರುಯಿನ್ ಇದನ್ನು ಹೇಳುವ ರೀತಿ ನನಗೆ ತುಂಬಾ ಸಹಾಯ ಮಾಡಿತು. ಒಂದು ಚದರ ಮೀಟರ್‌ನಲ್ಲಿ ಸುಮಾರು 7 ಜನ ಆದಾಗ ಗುಂಪು ನೀರಿನ ಹಾಗೆ ವರ್ತಿಸಲು ಶುರು ಮಾಡುತ್ತದೆ. ಅಲೆ ಎದ್ದರೆ ಜನರ ಕಾಲು ನೆಲ ಬಿಡುತ್ತದೆ, 3 ಮೀಟರ್ ದೂರಕ್ಕೂ ಎಳೆದುಕೊಂಡು ಹೋಗಬಹುದು. ಅಲ್ಲಿಗೆ ಬಂದ ಮೇಲೆ ‘ತಳ್ಳಬೇಡಿ’ ಅಂತ ಮೈಕಿನಲ್ಲಿ ಕೂಗಿ ಪ್ರಯೋಜನವಿಲ್ಲ. ತಳ್ಳುವವರು ಯಾರೂ ಇಲ್ಲ. ಹಾಗಾಗಿ ಕೆಲಸವೆಲ್ಲ ಮೊದಲೇ, ಕಾಗದದ ಮೇಲೆ ಆಗಬೇಕು.

ಒಂದು ಖಾನೆ, ಮೂರು ಲೆಕ್ಕ

ಮೈದಾನದ ಉದ್ದ ಅಗಲ ಗುಣಿಸಿ, ಚದರ ಮೀಟರ್‌ಗೆ ಇಷ್ಟು ಜನ ಅಂತ ಹಾಕಿದರೆ ಮುಗಿಯಿತು ಅಂದುಕೊಂಡಿದ್ದೆ. ಬೇಕಾಗಿರುವುದು ಮೂರು ಲೆಕ್ಕ: ಎಷ್ಟು ಜನ ನಿಲ್ಲಬಹುದು, ಎಷ್ಟು ಜನ ಹೊರಗೆ ಹೋಗಬಹುದು, ಎಷ್ಟು ಜನ ಸಮಯಕ್ಕೆ ಒಳಗೆ ಬರಬಹುದು. ಮೂರರಲ್ಲಿ ಯಾವುದು ಚಿಕ್ಕದೋ ಅದನ್ನೇ ಬರೆಯಬೇಕು.

ಒಂದು ಉದಾಹರಣೆ ಹಾಕಿಕೊಳ್ಳೋಣ. ಮೈದಾನ 60 ಮೀಟರ್ ಉದ್ದ, 40 ಮೀಟರ್ ಅಗಲ. 2400 ಚದರ ಮೀಟರ್. ವೇದಿಕೆ, ಅದರ ಹಿಂಬದಿ, ಅಂಗಡಿ ಸಾಲು, ಆಂಬುಲೆನ್ಸ್ ದಾರಿ, ವೇದಿಕೆ ಕಾಣದ ಮೂಲೆಗಳು, ಇವಕ್ಕೆ 900 ಹೋಯಿತು. ಉಳಿದದ್ದು 1500. ಬ್ರಿಟನ್ನಿನ ಕ್ರೀಡಾಂಗಣಗಳ ಸುರಕ್ಷತಾ ಕೈಪಿಡಿಯಾದ ಗ್ರೀನ್ ಗೈಡ್ ಪ್ರಕಾರ ನಿಲ್ಲುವ ಜಾಗದಲ್ಲಿ 10 ಚದರ ಮೀಟರ್‌ಗೆ 47 ಜನ ಅನ್ನೋದು ತೀರಾ ಮೇಲಿನ ಮಿತಿ. ಬಯಲಿನ ಸಂಗೀತ ಕಾರ್ಯಕ್ರಮಕ್ಕೆ ಒಬ್ಬರಿಗೆ ಅರ್ಧ ಚದರ ಮೀಟರ್ ಹಿಡಿಯುವುದು ರೂಢಿ. ಹಾಗೆ ಹಿಡಿದರೆ 3000 ಜನ.

ಈಗ ಹೊರದಾರಿ. ನಾನು ಎಡವಿದ್ದೇ ಇಲ್ಲಿ, ಆದ್ದರಿಂದ ನಿಧಾನವಾಗಿ ಬರೆಯುತ್ತೇನೆ.

ಗ್ರೀನ್ ಗೈಡ್‌ನಲ್ಲಿ 82 ಅಂತ ಒಂದು ಸಂಖ್ಯೆ ಇದೆ. ಒಂದು ಗೇಟಿನಿಂದ ನಿಮಿಷಕ್ಕೆ 82 ಜನ ಅಂತ ನಾನು ಓದಿಕೊಂಡೆ. ಅದು ತಪ್ಪು. ಸಮತಟ್ಟು ನೆಲದಲ್ಲಿ, ಒಂದು ಮೀಟರ್ ಅಗಲಕ್ಕೆ, ಒಂದು ನಿಮಿಷಕ್ಕೆ 82 ಜನ. ಮೆಟ್ಟಿಲಾದರೆ 66. ಅಂದರೆ 2 ಮೀಟರ್ ಗೇಟಿನಿಂದ ನಿಮಿಷಕ್ಕೆ 164 ಜನ. ಇದು ಮೇಲಿನ ಮಿತಿ ಅನ್ನೋದನ್ನೂ ನೆನಪಿಡಿ. ಹಿಂದಿನಿಂದ ಒತ್ತಡ ಜಾಸ್ತಿಯಾದರೆ ಜನ ಬೇಗ ಹೊರಗೆ ಬರುವುದಿಲ್ಲ, ಗೇಟಿನ ಬಾಯಲ್ಲೇ ಸಿಕ್ಕಿಕೊಂಡು ಇನ್ನೂ ನಿಧಾನವಾಗುತ್ತದೆ.

ನಮ್ಮ ಮೈದಾನಕ್ಕೆ 2 ಮೀಟರಿನ ಮೂರು ಗೇಟ್ ಇವೆ ಅಂತಿಟ್ಟುಕೊಳ್ಳಿ. ತುರ್ತು ಲೆಕ್ಕದಲ್ಲಿ ಒಂದು ಗೇಟ್, ಎಲ್ಲಕ್ಕಿಂತ ದೊಡ್ಡದು, ಇಲ್ಲವೇ ಇಲ್ಲ ಅಂದುಕೊಳ್ಳಬೇಕು. ಬೆಂಕಿ ಅದೇ ಗೇಟಿನ ಪಕ್ಕ ಹತ್ತಬಹುದಲ್ಲ. ಉಳಿದದ್ದು 4 ಮೀಟರ್. 4 ಗುಣಿಸು 82, ನಿಮಿಷಕ್ಕೆ 328. ತುರ್ತು ತೆರವಿನ ಸಮಯ ಬೆಂಕಿಯ ಅಪಾಯ ನೋಡಿಕೊಂಡು ಎರಡೂವರೆಯಿಂದ 8 ನಿಮಿಷ. ಬಯಲು, ಅಪಾಯ ಕಡಿಮೆ ಅಂತ 8 ಹಿಡಿದರೆ 2624 ಜನ. ಮೈದಾನದಲ್ಲಿ 3000 ಜನ ಆರಾಮಾಗಿ ನಿಲ್ಲುತ್ತಾರೆ, ಆದರೂ ಅರ್ಜಿಯಲ್ಲಿ 2624ಕ್ಕಿಂತ ಜಾಸ್ತಿ ಬರೆಯುವ ಹಾಗಿಲ್ಲ.

ಇಷ್ಟಾದ ಮೇಲೂ ಒಂದು ಮಾತು ಉಳಿಯಿತು. ಅಗಲ ಅಳೆಯಬೇಕಾದ್ದು ಗೇಟಿನ ಹತ್ತಿರ ಅಲ್ಲ. ಗೇಟಿನಿಂದ ದೊಡ್ಡ ರಸ್ತೆಯವರೆಗೆ ಟೇಪ್ ಹಿಡಿದು ನಡೆದು, ಎಲ್ಲಿ ಅತಿ ಇಕ್ಕಟ್ಟೋ ಅಲ್ಲಿ. ಗೇಟ್ 2 ಮೀಟರ್ ಇದ್ದು, ಮುಂದೆ ಜನರೇಟರ್ ನಿಲ್ಲಿಸಿ ದಾರಿ 1.2 ಮೀಟರ್ ಆಗಿದ್ದರೆ, ಆ ದಾರಿಯ ಲೆಕ್ಕ ನಿಮಿಷಕ್ಕೆ 98 ಜನ, ಅಷ್ಟೇ. ಹಾಗಾಗಿಯೇ ಅನುಮತಿ ನಕ್ಷೆಗೆ ಕೊಡುತ್ತಾರೆ. ಕೊನೇ ದಿನ ಒಂದು ಅಂಗಡಿ ಸರಿಸಿದರೂ ಈ ಲೆಕ್ಕ ಹೊಸದಾಗಿ ಮಾಡಬೇಕು.

ಒಳಗೆ ಬರುವ ಲೆಕ್ಕ ಚಿಕ್ಕದು. ಒಬ್ಬೊಬ್ಬರನ್ನೇ ಒಳಗೆ ಬಿಡುವ ತಿರುಗು ಗೇಟಿಗೆ ಗಂಟೆಗೆ 660 ಜನ ಅಂತ ಗ್ರೀನ್ ಗೈಡ್‌ನ ಮಿತಿ. ಬ್ಯಾಗ್ ತಪಾಸಣೆ ಇದ್ದರೆ ಇನ್ನೂ ಕಡಿಮೆ. ನಿಮಿಷಕ್ಕೆ 6 ಜನ ಹಿಡಿದು, ಒಂದು ಗಂಟೆಯಲ್ಲಿ ಆ 2624 ಜನರೂ ಒಳಗಿರಬೇಕು ಅಂದರೆ 8 ಸಾಲು ಬೇಕು. 1979ರಲ್ಲಿ ಅಮೆರಿಕದ ಸಿನ್ಸಿನಾಟಿಯಲ್ಲಿ ಒಂದು ಸಂಗೀತ ಕಾರ್ಯಕ್ರಮಕ್ಕೆ ಬಂದ 11 ಜನ ಸತ್ತಿದ್ದು ಒಳಗಲ್ಲ, ಬಾಗಿಲ ಹೊರಗೆ. ತೆರೆದಿದ್ದ ಬಾಗಿಲು ಕೆಲವೇ. ಒಳಗಿನ ಸದ್ದು ಕೇಳಿ ಸಂಗೀತ ಶುರುವಾಯಿತು ಅಂತ ಜನ ನುಗ್ಗಿದರು.

ಒಳಗೆ ಹೊರಗೆ ಒಂದೇ ದಾರಿ ಇಟ್ಟರೆ ಮೇಲಿನ ಯಾವ ಸಂಖ್ಯೆಯೂ ನಿಲ್ಲುವುದಿಲ್ಲ. 2010ರಲ್ಲಿ ಜರ್ಮನಿಯ ಡುಯಿಸ್‌ಬುರ್ಗ್‌ನ ಲವ್ ಪರೇಡ್ ಸಂಗೀತ ಉತ್ಸವದಲ್ಲಿ ಬರುವವರು, ಹೋಗುವವರು ಇಬ್ಬರೂ ಒಂದೇ ಇಳಿಜಾರಿನಲ್ಲಿ ಸಿಕ್ಕಿಕೊಂಡರು. 21 ಜನ ಸತ್ತರು.

ಒಟ್ಟು ಸರಿ ಇದ್ದರೂ

1989ರಲ್ಲಿ ಇಂಗ್ಲೆಂಡಿನ ಹಿಲ್ಸ್‌ಬರೋ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ನಡೆದ ದುರಂತದ ಬಗ್ಗೆ ಓದಿದಾಗ ನನ್ನ ಲೆಕ್ಕದ ಮೇಲಿನ ನಂಬಿಕೆ ಅಲುಗಾಡಿತು. ಹೊರಗಿನ ನೂಕಾಟ ಇಳಿಸಲು ಒಂದು ಗೇಟ್ ತೆರೆದರು. ಜನ ಎದುರಿಗೆ ಕಂಡ ಸುರಂಗದೊಳಗೆ ಹೋದರು. ಅದು ನಿಂತು ನೋಡುವವರಿಗಾಗಿ ಬೇಲಿ ಹಾಕಿದ ಮಧ್ಯದ ಆವರಣಗಳಿಗೆ ಹೋಗುವ ದಾರಿ, ಅವು ಆಗಲೇ ತುಂಬಿದ್ದವು. ಪಕ್ಕದ ಆವರಣಗಳಲ್ಲಿ ಜಾಗ ಇತ್ತು. 97 ಜನ ಪ್ರಾಣ ಕಳೆದುಕೊಂಡರು. ಹಾಗಾಗಿ ನಾನೀಗ ನಕ್ಷೆಯನ್ನು ತುಂಡುಗಳಾಗಿ ಗೆರೆ ಹಾಕಿ, ಒಂದೊಂದು ತುಂಡಿಗೂ ಬೇರೆ ಸಂಖ್ಯೆ ಬರೆಯುತ್ತೇನೆ. ಆ ತುಂಡು ತುಂಬಿದಾಗ ಅದರ ದಾರಿ ಮುಚ್ಚುವವರು ಯಾರು, ಬಂದವರನ್ನು ಯಾವ ಕಡೆ ತಿರುಗಿಸಬೇಕು ಅನ್ನೋದನ್ನೂ ಅಲ್ಲೇ ಬರೆಯುತ್ತೇನೆ.

ಸಿಬ್ಬಂದಿಗೆ ಅಮೆರಿಕದ ಅಗ್ನಿ ಮತ್ತು ಜೀವ ಸುರಕ್ಷತಾ ಸಂಹಿತೆಯಾದ ಎನ್‌ಎಫ್‌ಪಿಎ 101ರ ಲೆಕ್ಕ ಸುಲಭ: 250 ಜನಕ್ಕೆ ತರಬೇತಿ ಪಡೆದ ಒಬ್ಬ ಜನಸಂದಣಿ ನಿರ್ವಾಹಕ. ನಮ್ಮ 2624ಕ್ಕೆ 11 ಜನ ಬೇಕು. ಇವರ ಜೊತೆಗೆ, ಕಾರ್ಯಕ್ರಮ ನಿಲ್ಲಿಸುವ ಅಧಿಕಾರ ಇರುವ ಒಬ್ಬರ ಹೆಸರು ಅರ್ಜಿಯಲ್ಲೇ ಇರಲಿ. ಅವರು ಕೈ ಎತ್ತಿದ ಕೂಡಲೇ ಯಾರನ್ನೂ ಕೇಳದೆ ಧ್ವನಿ ನಿಲ್ಲಿಸಬೇಕು ಅಂತ ಮೈಕಿನವರಿಗೂ ವೇದಿಕೆಯವರಿಗೂ ಮುಂಚೆಯೇ ಹೇಳಿಟ್ಟಿರಬೇಕು.