ಓಝೋನ್ ಎಣ್ಣೆಯ ಸೀಸೆಯಲ್ಲಿ ಓಝೋನ್ ಇರುವುದಿಲ್ಲ

ರೂಟ್ ಕೆನಾಲ್ ಮಾಡುವ ದಂತವೈದ್ಯರೊಬ್ಬರು ರೋಗಾಣು ಕೊಲ್ಲಲೆಂದು ಓಝೋನ್ ಅನಿಲ ಹಾಯಿಸಿದ ಆಲಿವ್ ಎಣ್ಣೆಯ ಎರಡು ಸೀಸೆ ತಂದು ನನ್ನ ಲ್ಯಾಬಿನ ಮೇಜಿನ ಮೇಲಿಟ್ಟರು. ಒಂದೇ ಬ್ಯಾಚ್, ಒಂದೇ ದಿನ ಕೊಂಡದ್ದು. "ಮೇಡಂ, ಇದರಲ್ಲಿ ಓಝೋನ್ ಎಷ್ಟಿದೆ ನೋಡಿ ಹೇಳ್ತೀರಾ?" ಎರಡರಲ್ಲೂ ಇಲ್ಲ ಎಂದೆ. ಅವರಿಗೆ ಗಾಬರಿಯಾಯಿತು.

ಓಝೋನ್ ಎಣ್ಣೆಯಲ್ಲಿ ಸುಮ್ನೆ ಕರಗಿ ಕೂರುವುದಿಲ್ಲ. ಕೊಬ್ಬಿನಾಮ್ಲದಲ್ಲಿ ಎರಡು ಇಂಗಾಲಗಳ ನಡುವೆ ಜೋಡಿ ಬಂಧ ಇರುವ ಕಡೆ ಹೋಗಿ ಅದನ್ನು ಮುರಿಯುತ್ತದೆ. ಮುರಿದ ತುಂಡುಗಳು ಮತ್ತೆ ಕೂಡಿಕೊಂಡು ಓಝೋನೈಡ್ ಆಗುತ್ತವೆ. ಜೊತೆಗೆ ಪೆರಾಕ್ಸೈಡ್, ಆಲ್ಡಿಹೈಡ್‌ಗಳೂ ಹುಟ್ಟುತ್ತವೆ. ಈ ದಾರಿಯನ್ನು ಬಿಡಿಸಿ ತೋರಿಸಿದವರು ಜರ್ಮನಿಯ ರುಡಾಲ್ಫ್ ಕ್ರೀಗೆ. ರೋಗಾಣುಗಳ ಮೇಲೆ ಕೆಲಸ ಮಾಡುವುದು ಹೀಗೆ ಹುಟ್ಟಿದ ವಸ್ತುಗಳೇ.

ಹಾಗಾದರೆ ನಮ್ಮ ಕೊಬ್ಬರಿ ಎಣ್ಣೆ ಆಗಲ್ವಾ ಎಂದು ತುಂಬಾ ಜನ ಕೇಳುತ್ತಾರೆ. ಜೋಡಿ ಬಂಧ ಎಷ್ಟಿದೆ ಎಂದು ತಿಳಿಸುವುದು ಅಯೋಡಿನ್ ಸಂಖ್ಯೆ. ಆಲಿವ್ ಎಣ್ಣೆಗೆ ಅದು ಸುಮಾರು 75ರಿಂದ 94. ಎಳ್ಳೆಣ್ಣೆಗೆ ನೂರರ ಮೇಲೆ. ಕೊಬ್ಬರಿ ಎಣ್ಣೆಗೆ ಬರೀ 6ರಿಂದ 11. ಗಂಟೆಗಟ್ಟಲೆ ಹಾಯಿಸಿದರೂ ಓಝೋನ್‌ಗೆ ಅಲ್ಲಿ ಹೆಚ್ಚು ಹಿಡಿತ ಸಿಗುವುದಿಲ್ಲ.

ಎಣ್ಣೆ ಎಷ್ಟು ಓಝೋನ್ ಕುಡಿದಿದೆ ಎಂದು ತಿಳಿಯಲು ನಾನು ಮೊದಲು ಮಾಡುವುದು ಪೆರಾಕ್ಸೈಡ್ ಪರೀಕ್ಷೆ. ಎಣ್ಣೆಯನ್ನು ತೂಗಿ ಅಸಿಟಿಕ್ ಆಮ್ಲ, ಕ್ಲೋರೋಫಾರ್ಮ್ ಮಿಶ್ರಣದಲ್ಲಿ ಕರಗಿಸಿ ಪೊಟ್ಯಾಸಿಯಂ ಅಯೋಡೈಡ್ ಹಾಕುತ್ತೇನೆ. ಅಯೋಡಿನ್ ಬಿಡುಗಡೆಯಾಗಿ ಫ್ಲಾಸ್ಕ್ ಕಂದು ಬಣ್ಣಕ್ಕೆ ತಿರುಗುತ್ತದೆ. ಬ್ಯೂರೆಟ್ ಎಂಬ ಅಳತೆಯ ಕೊಳವೆಯಿಂದ ಥಯೋಸಲ್ಫೇಟ್ ದ್ರಾವಣ ಬಿಡುತ್ತಾ ಹೋದರೆ ಬಣ್ಣ ತಿಳಿ ಹಳದಿಗೆ ಇಳಿಯುತ್ತದೆ. ಆಗ ಸ್ಟಾರ್ಚ್ ಹಾಕಿದರೆ ಕಡು ನೀಲಿ. ಇನ್ನು ಹನಿ ಹನಿಯಾಗಿ ಬಿಡಬೇಕು. ಯಾವುದೋ ಒಂದು ಹನಿಗೆ ನೀಲಿ ಪೂರ್ತಿ ಮಾಯವಾಗುತ್ತದೆ. ಅಲ್ಲಿಗೆ ಲೆಕ್ಕ ನಿಲ್ಲಿಸಬೇಕು. ಥಯೋಸಲ್ಫೇಟ್ ಹೆಚ್ಚು ಖರ್ಚಾದಷ್ಟೂ ಪೆರಾಕ್ಸೈಡ್ ಹೆಚ್ಚು ಎಂದರ್ಥ.

ಅಡುಗೆ ಎಣ್ಣೆಗೆ ಅಯೋಡೈಡ್ ಹಾಕಿ ಒಂದೆರಡು ನಿಮಿಷ ಬಿಟ್ಟರೆ ಸಾಕು. ಓಝೋನೈಡ್ ಹಾಗಲ್ಲ, ಅದು ನಿಧಾನ. ಆ ಅವಸರದ ವಿಧಾನದಲ್ಲಿ ಅಂಕಿ ಕಡಿಮೆ ಬರುತ್ತದೆ. ಕತ್ತಲಲ್ಲಿ 24 ಗಂಟೆ ಬಿಟ್ಟು ನೋಡಿದರೆ ಜಾಸ್ತಿ ಬರುತ್ತದೆ. ಇದರ ಮೇಲೆ ಘಟಕದ ಗೊಂದಲ ಬೇರೆ. ಒಬ್ಬರು ಕಿಲೋಗೆ 500 ಮಿಲಿಮೋಲ್ ಎನ್ನುತ್ತಾರೆ, ಇನ್ನೊಬ್ಬರು 1000 ಮಿಲಿ ಈಕ್ವಿವಲೆಂಟ್ ಎನ್ನುತ್ತಾರೆ. ಎರಡೂ ಒಂದೇ! ದೊಡ್ಡ ಅಂಕಿ ನೋಡಿ ಸೀಸೆ ಕೊಳ್ಳಬೇಡಿ ಎಂದು ವೈದ್ಯರಿಗೆ ನಾನು ಬೇಡಿಕೊಳ್ಳುವುದು ಇದಕ್ಕೇ. ಎಷ್ಟು ಹೊತ್ತು ಬಿಟ್ಟು ಅಳೆದರು, ಯಾವ ಘಟಕದಲ್ಲಿ ಬರೆದರು ಎಂದು ಕೇಳಿ.

ಹಲ್ಲಿನ ವಿಷಯದಲ್ಲಿ ಇನ್ನೂ ಎರಡು ಅಳತೆ ಬೇಕು. ಓಝೋನ್ ಕುಡಿದಷ್ಟೂ ಎಣ್ಣೆ ಮಂದವಾಗುತ್ತದೆ. ಬೇರಿನ ನಾಳವೋ ಸೂಜಿ ಹೋಗುವಷ್ಟು ಕಿರಿದು. ಆದ್ದರಿಂದ ಸ್ನಿಗ್ಧತೆ ನೋಡಲೇಬೇಕು. ನಾಳದಲ್ಲಿ ಎಣ್ಣೆಯ ಪಸೆ ಉಳಿದರೆ ಆಮೇಲೆ ತುಂಬುವ ಸೀಲರ್ ಸರಿಯಾಗಿ ಕಚ್ಚಿಕೊಳ್ಳದೆ ಹೋಗಬಹುದು, ಚೆನ್ನಾಗಿ ತೊಳೆಯಬೇಕು. ಇನ್ನೊಂದು ಆಮ್ಲ ಸಂಖ್ಯೆ, ಎಂದರೆ ಎಣ್ಣೆಯಲ್ಲಿ ಬಿಡಿ ಆಮ್ಲ ಎಷ್ಟಿದೆ ಎಂಬ ಅಳತೆ. ಎಣ್ಣೆ ಹಳತಾಗಿ ಕೆಡುತ್ತಾ ಬಂದಂತೆ ಇದು ಏರುತ್ತದೆ.

ಮರುದಿನ ಆ ಎರಡು ಸೀಸೆಗಳ ಫಲಿತಾಂಶ ಬಂತು. ಒಂದರ ಪೆರಾಕ್ಸೈಡ್ ಇನ್ನೊಂದರ ಅರ್ಧಕ್ಕೂ ಕಡಿಮೆ, ಆಮ್ಲ ಸಂಖ್ಯೆ ಮಾತ್ರ ಜಾಸ್ತಿ. ದಂತವೈದ್ಯರಿಗೆ ಫೋನ್ ಮಾಡಿ ಸೀಸೆಗಳನ್ನು ಎಲ್ಲಿಟ್ಟಿದ್ದಿರಿ ಎಂದು ಕೇಳಿದೆ.

"ಒಂದು ಫ್ರಿಜ್ಜಲ್ಲಿ. ಇನ್ನೊಂದು ಕೈಗೆ ಸಿಗಲಿ ಅಂತ ಉಪಕರಣಗಳನ್ನ ಬಿಸಿ ಹಬೆಯಲ್ಲಿ ಶುದ್ಧ ಮಾಡೋ ಆಟೋಕ್ಲೇವ್ ಪಕ್ಕ ಇಟ್ಟಿದ್ದೆ, ಮೇಡಂ."