ಬಸುರಿಯ ಒಸಡಿನಲ್ಲಿ ರಕ್ತ: ಹೆರಿಗೆಯವರೆಗೆ ಕಾಯಬೇಕೆ?

ಪ್ರಶ್ನೆ: ನನಗೀಗ ಐದು ತಿಂಗಳು. ಡೊಂಬಿವಲಿಯಲ್ಲಿದ್ದೇವೆ. ಹಲ್ಲುಜ್ಜಿದಾಗಲೆಲ್ಲ ಒಸಡಿನಿಂದ ರಕ್ತ ಬರುತ್ತದೆ. ಹೆರಿಗೆಯಾಗುವವರೆಗೆ ಹಲ್ಲಿನ ಡಾಕ್ಟರ ಹತ್ತಿರ ಹೋಗಬಾರದು ಅಂತಾರೆ ಅತ್ತೆ. ಏಳನೇ ತಿಂಗಳಿಗೆ ಹುಬ್ಬಳ್ಳಿಗೆ, ತವರಿಗೆ ಹೋಗುತ್ತೇನೆ. ಆಮೇಲೆ ತೋರಿಸಿದರೆ ಸಾಕೆ?

ಉತ್ತರ: ಊರಿಗೆ ಹೊರಡುವ ಮೊದಲೇ ತೋರಿಸಿ. ನಾಲ್ಕರಿಂದ ಆರನೇ ತಿಂಗಳವರೆಗೆ ಹಲ್ಲಿನ ಕೆಲಸಕ್ಕೆ ಅನುಕೂಲದ ಕಾಲ. ವಾಂತಿ ಇಳಿದಿರುತ್ತದೆ, ಕುರ್ಚಿಯಲ್ಲಿ ಒರಗಲು ಹೊಟ್ಟೆ ಇನ್ನೂ ಅಡ್ಡ ಬರುವುದಿಲ್ಲ. ಕೀವು, ಜ್ವರ, ಮುಖದ ಬಾವು ಇದ್ದರೆ ಮಾತ್ರ ತಿಂಗಳು ಎಣಿಸುತ್ತ ಕೂರಬಾರದು, ಅಂದೇ ಹೋಗಬೇಕು.

ಎಲ್ಲರೂ ಹಾರ್ಮೋನನ್ನೇ ದೂರುತ್ತಾರೆ. ಅದು ಅರ್ಧ ಸತ್ಯ. ಬಸಿರಿನಲ್ಲಿ ಪ್ರೊಜೆಸ್ಟರಾನ್ ಎಂಬ ಹಾರ್ಮೋನು ಏರಿದಾಗ ಒಸಡಿನ ರಕ್ತನಾಳಗಳು ಹಿಗ್ಗಿ, ಅವುಗಳಿಂದ ದ್ರವ ಜಿನುಗುತ್ತದೆ. ಹಲ್ಲಿನ ಬುಡದ ಪಾಚಿಯಲ್ಲಿರುವ ಪ್ರಿವೊಟೆಲ್ಲಾ ಇಂಟರ್‌ಮೀಡಿಯಾ ಎಂಬ ಬ್ಯಾಕ್ಟೀರಿಯಾ ಇದೇ ಹಾರ್ಮೋನನ್ನು ವಿಟಮಿನ್ ಕೆ ಬದಲಿಗೆ ಬಳಸಿಕೊಂಡು ಬೆಳೆಯಬಲ್ಲದು. ಆದರೆ ಉರಿಯೂತ ಶುರುವಾಗುವುದು ಪಾಚಿಯಿಂದ. ಹಾರ್ಮೋನು ಅದನ್ನು ಹೆಚ್ಚಿಸುತ್ತದೆ ಅಷ್ಟೆ. ರಕ್ತ ಕಂಡು ಹೆದರಿ ಆ ಜಾಗ ಬಿಟ್ಟು ಉಜ್ಜಿದರೆ ಪಾಚಿ ಅಲ್ಲೇ ದಪ್ಪವಾಗಿ, ರಕ್ತ ಇನ್ನೂ ಹೆಚ್ಚುತ್ತದೆ. ಅಂದಹಾಗೆ, ಮಗು ಹಲ್ಲಿನ ಕ್ಯಾಲ್ಸಿಯಂ ಹೀರುತ್ತದೆ ಎಂಬ ಮಾತಿಗೆ ಆಧಾರವಿಲ್ಲ.

ಮೆತ್ತನೆಯ ಬ್ರಷ್ ತಗೊಳ್ಳಿ. ಹಲ್ಲು ಒಸಡು ಸೇರುವ ಗೆರೆಗೆ 45 ಡಿಗ್ರಿ ಓರೆಯಾಗಿ ಹಿಡಿದು, ಒತ್ತದೆ, ಸಣ್ಣಗೆ ಅಲುಗಿಸುತ್ತ ಎರಡು ನಿಮಿಷ, ದಿನಕ್ಕೆರಡು ಸಲ ಉಜ್ಜಿ. ಪೇಸ್ಟಿನಲ್ಲಿ 1000 ಪಿಪಿಎಂ ಫ್ಲೋರೈಡ್ ಇರಲಿ. ವಾಂತಿಯಾದ ಕೂಡಲೇ ಉಜ್ಜಬೇಡಿ; ಹೊಟ್ಟೆಯ ಆಮ್ಲದಿಂದ ಮೆತ್ತಗಾದ ಎನಾಮಲ್ (ಹಲ್ಲಿನ ಹೊರಪದರ) ಸವೆಯುತ್ತದೆ. ಒಂದು ಲೋಟ ನೀರಿಗೆ ಒಂದು ಚಮಚ ಅಡುಗೆ ಸೋಡಾ ಕದಡಿ ಬಾಯಿ ಮುಕ್ಕಳಿಸಿ ಉಗುಳಿ, ಅರ್ಧ ಗಂಟೆಯಾದರೂ ಬಿಟ್ಟು ಉಜ್ಜಿ. ಮಹಾರಾಷ್ಟ್ರದಲ್ಲಿ ಒಸಡು ಗಟ್ಟಿಯಾಗಲೆಂದು ಮಿಶ್ರಿ ಹಚ್ಚುವವರಿದ್ದಾರೆ. ಅದು ಹುರಿದ ತಂಬಾಕಿನ ಪುಡಿ, ಮಗುವಿನ ತೂಕಕ್ಕೂ ಕೆಡುಕು. ಯಾರು ಹೇಳಿದರೂ ಬೇಡ.

ಇಷ್ಟು ಮಾಡಿಯೂ ಹತ್ತು ದಿನದಲ್ಲಿ ರಕ್ತ ನಿಲ್ಲದಿದ್ದರೆ ಒಸಡಿನಡಿ ಪಾಚಿ ಗಟ್ಟಿಯಾಗಿ ಕೂತಿರಬಹುದು. ಅದು ಬ್ರಷ್‌ಗೆ ಬಗ್ಗುವುದಿಲ್ಲ, ಸ್ಕೇಲಿಂಗ್ ಆಗಬೇಕು, ಅಂದರೆ ಹಲ್ಲಿನ ಡಾಕ್ಟರು ಸಲಕರಣೆಯಿಂದ ಅದನ್ನು ಕೆರೆದು ತೆಗೆಯಬೇಕು. ಮುಂಬಯಿ ಸೆಂಟ್ರಲ್ ಹತ್ತಿರದ ನಾಯರ್ ದಂತ ಆಸ್ಪತ್ರೆ ಪಾಲಿಕೆಯದು. ಎಲ್ಲಿಗೇ ಹೋದರೂ ಎಷ್ಟು ತಿಂಗಳು, ಯಾವ ಗುಳಿಗೆ ನುಂಗುತ್ತಿದ್ದೀರಿ ಎಂಬುದನ್ನು ಮೊದಲೇ ಹೇಳಿ. ಬಲ ಸೊಂಟದ ಕೆಳಗೆ ಮಡಿಸಿದ ಟವೆಲ್ ಇಡಿಸಿಕೊಂಡು ಸ್ವಲ್ಪ ಎಡಕ್ಕೆ ವಾಲಿ. ಅಂಗಾತ ಮಲಗಿದರೆ ಗರ್ಭದ ಭಾರಕ್ಕೆ ದೊಡ್ಡ ರಕ್ತನಾಳ ಅದುಮಿ ತಲೆಸುತ್ತು ಬರಬಹುದು. ಮರಗಟ್ಟಿಸುವ ಲಿಡೋಕೇನ್ ಚುಚ್ಚುಮದ್ದು, ಅಗತ್ಯವಿದ್ದರೆ ಸೀಸದ ಏಪ್ರನ್ ಹಾಕಿ ತೆಗೆಯುವ ಎಕ್ಸ್‌ರೇ, ಎರಡಕ್ಕೂ ಹೆದರಬೇಕಿಲ್ಲ. ಮೆಡಿಕಲ್ ಅಂಗಡಿಯಲ್ಲಿ ಕೇಳಿ ನೋವಿನ ಗುಳಿಗೆ ತರುವುದು ಮಾತ್ರ ತಪ್ಪು. ಐಬುಪ್ರೊಫೇನ್ ಬೇಡ, ಅದರಲ್ಲೂ 20 ವಾರಗಳ ನಂತರ. ಟೆಟ್ರಾಸೈಕ್ಲಿನ್ ಎಂಬ ಆಂಟಿಬಯಾಟಿಕ್ ಮಗುವಿನ ಹಲ್ಲಿಗೇ ಬಣ್ಣ ಕಟ್ಟುತ್ತದೆ.

ಇನ್ನು ನಿಮ್ಮ ಅತ್ತೆಯ ಅಂಜಿಕೆಗೆ. 2006ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ 823 ಗರ್ಭಿಣಿಯರ ಪೈಕಿ ಅರ್ಧದಷ್ಟು ಜನರಿಗೆ 21 ವಾರದೊಳಗೆ, ಉಳಿದವರಿಗೆ ಹೆರಿಗೆಯ ನಂತರ ಒಸಡಿನ ಚಿಕಿತ್ಸೆ ಕೊಟ್ಟರು. ಮೊದಲೇ ಮಾಡಿಸಿಕೊಂಡವರ ಒಸಡು ಸುಧಾರಿಸಿತು, ಮಗುವಿಗೆ ಅಪಾಯ ಕಾಣಲಿಲ್ಲ. ಅಕಾಲಿಕ ಹೆರಿಗೆಯೂ ಕಡಿಮೆಯಾಗಲಿಲ್ಲವೆನ್ನಿ. ಹಾಗಾಗಿ ದಿನ ತುಂಬುವ ಮುಂಚೆ ಹೆರಿಗೆಯಾಗುವುದನ್ನು ಸ್ಕೇಲಿಂಗ್ ತಪ್ಪಿಸುತ್ತದೆ ಎಂದು ಯಾರಾದರೂ ಭರವಸೆ ಕೊಟ್ಟರೆ ನಂಬಬೇಡಿ. ನಿಮ್ಮ ಒಸಡಿಗಾಗಿ ಮಾಡಿಸಿಕೊಳ್ಳಿ.